ನಡುಬೈಲು ಮನೆಯ ಕೋಲು

ಮಳೆಗಾಲದ ಏಣಿಲು ಬೆಳೆಯ ಕೊಯ್ಲು ಮುಗಿದು ಅಂಗಳದ ಬದಿಗೆ ಬೈಹುಲ್ಲಿನ ಕುತ್ತರಿ ಎದ್ದಿತ್ತು. ಸುಗ್ಗಿ ಬೆಳೆಗೆಂದು ಗದ್ದೆಗಳಿಗೆ ತೋಡಿನ ನೀರು ಬಿಟ್ಟಾಗಿತ್ತು. ಬೆಳಗಿನ ಮಂಜು ಇನ್ನೂ ಬೈಲಿನ ಮೇಲೆ ಕೂತಿರುವಾಗಲೇ ನಡುಬೈಲು ಮನೆಯಲ್ಲಿ ಕೆಲಸ ಶುರುವಾಗುತ್ತಿತ್ತು. ಇಬ್ಬರು ಮುರಕಲ್ಲಿನ ಮೈ ಕೆತ್ತುತ್ತಿದ್ದರು. ಕೆಂಪು ಹುಡಿ ಅವರ ಹುಬ್ಬಿನವರೆಗೂ ಏರಿತ್ತು. ಹೆಂಗಸರು ಮಣ್ಣು ತುಳಿಯುತ್ತಿದ್ದರು. ಸುಣ್ಣದ ಹೊಂಡದಿಂದ ಬೆಲ್ಲದ ನೀರಿನ ಹುಳಿವಾಸನೆ ಬರುತ್ತಿತ್ತು. ಮನೆಯ ಬಡಗು ಬದಿಯಲ್ಲಿ ಹೊಸ ಕೋಣೆಯ ಅಡಿಪಾಯ ಮುಗಿದು ಗೋಡೆ ಮೊಣಕಾಲೆತ್ತರ ಬಂದಿತ್ತು.

ಜತ್ತಪ್ಪ ಆಚಾರಿ ಕೋಲು ಹಿಡಿದು ಮನೆಯ ಸುತ್ತಳತೆ ತೆಗೆಯುತ್ತಿದ್ದ. ರೆಂಜೆ ಮರದ ಕೋಲು. ಎಣ್ಣೆ, ಹೊಗೆ, ಕೈಬೆವರು ಕುಡಿದು ಕಪ್ಪಾಗಿತ್ತು. ಒಂದೊಂದು ಸಲ ಕೋಲು ಮಲಗಿಸುವಾಗಲೂ ಗೋಡೆಗೆ ಟಕ್ ಎಂದು ತಾಗಿಸಿ ಒಂದೊಂದು ಹೆಸರು ಹೇಳುತ್ತಿದ್ದ.

“ಬಾಲ್ಯ. ಕೌಮಾರ. ಯೌವನ. ವಾರ್ಧಕ್ಯ. ಮರಣ.”

ಮತ್ತೆ ಬಾಲ್ಯದಿಂದ. ಹೀಗೆ ಐದೈದರಂತೆ ಲೆಕ್ಕ ಹೋಗಬೇಕು. ಕೊನೆಯ ಕೋಲು ಯಾವ ಹೆಸರಿಗೆ ಬೀಳುತ್ತದೋ ಅದೇ ಆ ಮನೆಯ ಪ್ರಾಯ. ಹೊರಟ ಮೂಲೆಗೇ ಬಂದು ನಿಂತ ಆಚಾರಿ ಅರುವತ್ತೈದನೆಯ ಕೋಲು ಇಟ್ಟು, ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಕೋಲನ್ನು ಎದೆಗೆ ಒತ್ತಿಕೊಂಡು ಓವರ್ಸಿಯರನ ಹತ್ತಿರ ಬಂದ.

“ಇದು ಆಗ್ಲಿಕ್ಕಿಲ್ಲ ಓವರ್ಸಿಯರ್ರೇ. ಹಳೇ ಮನೆ ಐವತ್ತಮೂರು ಕೋಲು ಇತ್ತು, ಯೌವನ. ನಿಮ್ಮ ಕೋಣೆ ಸೇರಿ ಅರುವತ್ತೈದಾಯ್ತು. ಕಡೇ ಕೋಲು ಎಲ್ಲಿಗೆ ಬಿತ್ತು ಅಂತ ನಾನು ಹೇಳುವುದಿಲ್ಲ. ಬಡಗು ಗೋಡೆಯನ್ನು ಒಂದು ಕೋಲು ಒಳಗೆ ತನ್ನಿ. ಸುತ್ತಿನಲ್ಲಿ ಎರಡು ಕೋಲು ಕಮ್ಮಿ ಆಗ್ತದೆ. ಅರುವತ್ತಮೂರು. ಮನೆ ಪುನಃ ಪ್ರಾಯಕ್ಕೆ ಬರ್ತದೆ.”

ಓವರ್ಸಿಯರ್ ರಮಾನಾಥ ಮೈಸೂರು ಕಡೆಯವನು. ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಸೇತುವೆ ಕೆಲಸಕ್ಕೆಂದು ಘಟ್ಟ ಇಳಿದವನು ಆ ಕೆಲಸ ಮುಗಿದ ಮೇಲೆ ಅಳದಂಗಡಿಯಲ್ಲಿ ಒಂದು ಕೋಣೆ ಹಿಡಿದು, ಮುಳಿಹುಲ್ಲಿನ ಮನೆಗಳನ್ನು ಹಂಚಿನ ಮನೆ ಮಾಡಿಸಿಕೊಡುವ ಗುತ್ತಿಗೆ ಹಿಡಿದಿದ್ದ. ಇಪ್ಪತ್ತಾರರ ಪ್ರಾಯ. ಜೇಬಿನಲ್ಲಿ ಸದಾ ಉಕ್ಕಿನ ಟೇಪು.

“ಅಲ್ರೀ ಆಚಾರ್ರೇ,” ಎಂದು ಟೇಪನ್ನು ಸರ್ರನೆ ಎಳೆದು ತೋರಿಸಿದ, “ಇದ್ರಲ್ಲಿ ಎಲ್ಲಾದ್ರೂ ಸಾವು ಅಂತ ಬರೆದಿದೆಯಾ ನೋಡಿ. ಬರೀ ಅಡಿ, ಅಂಗುಲ.”

ಮಣ್ಣು ತುಳಿಯುವ ಹೆಂಗಸರು ನಕ್ಕರು. ಕಲ್ಲು ಕಟ್ಟುವ ಮೇಸ್ತ್ರಿ ಡೊಂಬಯ್ಯ ಮಾತ್ರ ನಗಲಿಲ್ಲ. ಕರಣೆಯನ್ನು ಗೋಡೆಯ ಮೇಲಿಟ್ಟು ಕೈ ಒರಸಿಕೊಂಡ.

“ಆಚಾರ್ರು ಸೈ ಅನ್ನದೆ ನಾವು ಕಲ್ಲು ಮುಟ್ಟುವುದಿಲ್ಲ ಧನಿ. ನನಗೂ ಮಕ್ಕಳುಂಟು.”

ಕೆಲಸ ನಿಂತಿತು.

ಅದು ಅಳಿಯಸಂತಾನದ ಮನೆ. ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ಈಗಿನ ಒಡತಿ ಜಲಜಾಕ್ಷಿ ಶೆಡ್ತಿ, ನಲವತ್ತು ದಾಟಿದ ವಿಧವೆ. ಮನೆಯ ಕೋಲು ಅವಳ ಅಜ್ಜಿಯ ತೋಳಿನದು. ಮನೆಗೆ ಅಡಿಪಾಯ ಹಾಕುವ ದಿನ ಅಜ್ಜಿ ಕೈಚಾಚಿ ನಿಂತು, ಅವಳ ಕಂಕುಳಿನಿಂದ ನಡುಬೆರಳ ತುದಿಯವರೆಗೆ ಅಳೆದು ಆ ಕೋಲು ಕೊಯ್ದಿದ್ದರು. ಅದರಲ್ಲಿ ಇಪ್ಪತ್ತನಾಲ್ಕು ಅಡ್ಡಬೆರಳಿನ ಗೀಟುಗಳಿದ್ದವು. ಅಳೆದಾದ ಮೇಲೆ ಹೆಬ್ಬಾಗಿಲ ಮೇಲಿನ ಹಲಗೆಯ ಮೇಲೆ ಇಟ್ಟುಬಿಡುತ್ತಿದ್ದರು. ಮನೆ ಇರುವವರೆಗೆ ಕೋಲು ಅಲ್ಲಿಯೇ.

ಹೊಸ ಕೋಣೆ ಮಗಳು ಕಾಂತಿಯ ಬಾಣಂತನಕ್ಕೆ. ಕಾಂತಿಯ ಗಂಡ ಬೊಂಬಾಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದ. ಮಕರ ತಿಂಗಳಲ್ಲಿ ಸೀಮಂತ ಮುಗಿಸಿ ಚೊಚ್ಚಲಿಗೆ ತಾಯಿಮನೆಗೆ ಬರುವವಳಿದ್ದಳು. ಜಲಜಾಕ್ಷಿ ಮೂರು ಹೆತ್ತದ್ದು ಅಕ್ಕಿಮುಡಿ ಇಡುವ ಕತ್ತಲೆ ಕೋಣೆಯಲ್ಲಿ. ಗಾಳಿಯಿಲ್ಲ, ಬೆಳಕಿಲ್ಲ, ಮೂಲೆಯಲ್ಲಿ ಹೊಗೆಯುವ ಕೆಂಡ. ಎರಡು ಅಲ್ಲಿಯೇ ಹೋದವು. ಕಾಂತಿ ಒಬ್ಬಳು ಉಳಿದದ್ದು. “ನನ್ನ ಮಗಳಿಗೆ ಕಿಟಕಿ ಇರುವ ಕೋಣೆ ಬೇಕು, ದೊಡ್ಡ ಕೋಣೆ,” ಎಂದು ಅವಳು ಮೊದಲ ದಿನವೇ ಹೇಳಿದ್ದಳು.

ಆ ಸಂಜೆ ರಮಾನಾಥ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದ. ಬಡಗು ಗೋಡೆ ಕೀಳಬೇಕು, ಅಡಿಪಾಯ ಅಗೆಯಬೇಕು, ಪುನಃ ಕಟ್ಟಬೇಕು. ಮೂರು ವಾರ. ಮಕರದೊಳಗೆ ಹಂಚಿನ ಮಾಡು ಏರುವುದಿಲ್ಲ. ಅದಕ್ಕಿಂತಲೂ, ಒಬ್ಬ ಮುದುಕನ ಮಂತ್ರಕ್ಕೆ ಹೆದರಿ ಓವರ್ಸಿಯರ್ ಗೋಡೆ ಕಿತ್ತ ಎಂಬ ಮಾತು ಬೆಳ್ತಂಗಡಿಯವರೆಗೂ ಹೋಗುತ್ತದೆ. ಅದನ್ನು ನೆನೆದರೇ ಅವನ ಕಿವಿ ಬಿಸಿಯಾಗುತ್ತಿತ್ತು.

ಮರುದಿನ ಆಳುಗಳು ಬರುವ ಮೊದಲೇ ಬಂದ. ಹಟ್ಟಿಯ ಕಡೆ ಜಲಜಾಕ್ಷಿ ಹಾಲು ಕರೆಯುವ ಸದ್ದು ಕೇಳುತ್ತಿತ್ತು. ಹೆಬ್ಬಾಗಿಲ ಮೇಲಿಂದ ಕೋಲು ತೆಗೆದು ಹೊಸ್ತಿಲ ಮೇಲೆ ಮೊಣಕಾಲೂರಿ, ಒಂದು ಅಡ್ಡಬೆರಳಿನಷ್ಟು ತುದಿಯನ್ನು ಗರಗಸದಿಂದ ಕೊಯ್ದ. ಒಣಗಿ ಕಲ್ಲಾಗಿದ್ದ ಮರ. ಆದರೂ ಗರಗಸ ಹಸಿ ಬಾಳೆದಿಂಡಿನಲ್ಲಿ ಹೋದಂತೆ ಹೋಯಿತು. ಒಂದು ಬಗೆಯ ವಾಸನೆ ಬಂತು. ಮರದ್ದಲ್ಲ. ಉಗುರು ಸುಟ್ಟಂಥದ್ದು. ಕೊಯ್ದ ಮುಖಕ್ಕೆ ಮಸಿ, ಎಣ್ಣೆ ಹಚ್ಚಿ ಹಳತು ಮಾಡಿದ. ತುಂಡನ್ನು ಎಲ್ಲಿ ಬಿಸಾಡಿದರೂ ಯಾರಾದರೂ ಕಂಡಾರು ಎಂದು, ಹೊಸ ಕೋಣೆಗೆ ನಿಲ್ಲಿಸಿದ್ದ ಬಾಗಿಲ ದಾರಂದದ ಹಿಂದಿನ ಸಂದಿಗೆ ತುರುಕಿ ಮೇಲೆ ಮಣ್ಣು ಮೆತ್ತಿದ.

“ಆಚಾರ್ರೇ, ಇನ್ನೊಂದ್ಸಲ ಅಳೆದುಬಿಡಿ,” ಎಂದ ಬಿಸಿಲೇರಿದ ಮೇಲೆ, ಎಲ್ಲರಿಗೂ ಕೇಳುವಂತೆ. “ನಿಮ್ಮ ಕೋಲು, ನಿಮ್ಮ ಕೈ. ನಾನು ಮುಟ್ಟೋದಿಲ್ಲ.”

ಜತ್ತಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕೋಲನ್ನು ಕೈಯಲ್ಲಿ ತೂಗಿ, “ಕೋಲು ಹಗುರ ಆದ ಹಾಗೆ ಉಂಟಲ್ಲ,” ಎಂದು ಗೊಣಗಿದ. ಆದರೂ ಅಳೆದ. ಟಕ್, ಟಕ್, ಟಕ್. ಡೊಂಬಯ್ಯ ಬೆರಳು ಮಡಚುತ್ತಾ ಹಿಂದೆಯೇ ನಡೆದ. ಅರುವತ್ತೈದಕ್ಕೆ ಮೂಲೆ ಬರಲಿಲ್ಲ. ಅರುವತ್ತಾರು. ಅರುವತ್ತೇಳು. ಅರುವತ್ತೆಂಟನೆಯ ಕೋಲು ಮೂಲೆ ಮುಟ್ಟಿತು.

“ಯೌವನ!” ಎಂದ ಡೊಂಬಯ್ಯ. “ಎಂತ ಆಚಾರ್ರೇ, ನಿನ್ನೆ ಕಳ್ಳು ಜಾಸ್ತಿ ಆಗಿತ್ತಾ?”

ನಗೆ ಎದ್ದಿತು. ಆಚಾರಿ ಕೋಲನ್ನು ಮುಖದ ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡಿದ. ಐವತ್ತು ವರ್ಷ ಮನೆ ಕಟ್ಟಿದವನು. ಈ ಮನೆಯ ಕೋಲು ಕೊಯ್ದದ್ದೇ ಅವನ ಅಪ್ಪ.

“ವಯಸ್ಸಾಯ್ತು, ಹೋಗ್ಲಿ ಬಿಡಿ,” ಎಂದು ರಮಾನಾಥ ಅವನ ಬೆನ್ನು ತಟ್ಟಿದ.

“ಹೌದು,” ಎಂದ ಜತ್ತಪ್ಪ ಮೆಲ್ಲಗೆ. “ಲೆಕ್ಕ ತಪ್ಪಿದ ಆಚಾರಿ ಉಳಿ ಹಿಡಿಯಬಾರದು.” ಕೋಲನ್ನು ಹೆಬ್ಬಾಗಿಲ ಮೇಲಿಟ್ಟು ಕೈಮುಗಿದು, ಚೀಲ ಹೆಗಲಿಗೆ ಹಾಕಿಕೊಂಡು ಗದ್ದೆಯ ಹುಣಿಯಲ್ಲಿ ನಡೆದುಬಿಟ್ಟ. ಜಲಜಾಕ್ಷಿ ಕಂಬ ಹಿಡಿದು ನಿಂತು ಅವನು ಮರೆಯಾಗುವವರೆಗೂ ನೋಡಿದಳು. ಕರೆಯಲಿಲ್ಲ.

ರಮಾನಾಥನಿಗೆ ಅಂದು ಊಟ ರುಚಿಸಲಿಲ್ಲ. ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡ.

*

ಮಕರದೊಳಗೆ ಕೋಣೆ ಎದ್ದಿತು. ಮಂಗಳೂರಿನಿಂದ ಹಂಚು ಬಂತು. ಸುಣ್ಣದ ಗೋಡೆ, ಮೂಡು ದಿಕ್ಕಿಗೆ ಎರಡು ಪಡಿಯ ಕಿಟಕಿ, ಹಲಸಿನ ಬಾಗಿಲು. ಕಾಂತಿ ಏಳು ತಿಂಗಳ ಹೊಟ್ಟೆ ಹೊತ್ತು ಬಂದವಳು ಕಿಟಕಿಯ ಮುಂದೆ ನಿಂತು, “ಅಮ್ಮ, ಇಲ್ಲಿಂದ ತೋಡು ಕಾಣ್ತದೆ!” ಎಂದು ಮಗುವಿನ ಹಾಗೆ ಕೂಗಿದಳು. ರಮಾನಾಥ ಹಳೆಯ ಭಾಗದ ಮುಳಿಹುಲ್ಲು ತೆಗೆಸಿ ಹಂಚು ಹೊದೆಸುವ ಕೆಲಸ ಹಿಡಿದ. ದಿನವೂ ಬರುತ್ತಿದ್ದ. ಕಾಂತಿ ಅವನನ್ನು ಓವರ್ಸಿಯರಣ್ಣ ಎಂದು ಕರೆಯುತ್ತಿದ್ದಳು. ಎಳ್ಳುಂಡೆಯೋ ಅವಲಕ್ಕಿಯೋ ಎತ್ತಿಟ್ಟು ಕೊಡುತ್ತಿದ್ದಳು.

ಮೊದಲು ಹೇಳಿದವಳೂ ಅವಳೇ.

“ಓವರ್ಸಿಯರಣ್ಣ, ಮಧ್ಯಾಹ್ನ ಗೋಡೆಗೆ ಯಾರು ಬಡಿಯುವುದು? ನಾನು ಮಲಗಿದ ಕೂಡಲೇ ಶುರು ಆಗ್ತದೆ. ಟಕ್ ಅಂತ. ಸ್ವಲ್ಪ ಬಿಟ್ಟು ಪುನಃ ಟಕ್.”

“ಮಾಡಿನ ಮೇಲೆ ಪಕ್ಕಾಸಿನ ಮರ ಹೊಡೀತಾರಲ್ಲಮ್ಮ.”

“ಊಟದ ಹೊತ್ತಿಗೆ ಯಾರೂ ಮಾಡಿನ ಮೇಲೆ ಇರುವುದಿಲ್ಲ.” ಅವಳು ನಕ್ಕಳು. ನಗುವಿನಲ್ಲಿ ಜೀವವಿರಲಿಲ್ಲ. “ನಾಲ್ಕು ಸಲ ಬಡೀತದೆ. ಐದನೇದು ಬರುವುದಿಲ್ಲ. ಅದಕ್ಕೆ ಕಾಯ್ತಾ ನನಗೆ ನಿದ್ದೆ ಬರುವುದಿಲ್ಲ.”

ಕುಂಭ ತಿಂಗಳ ಮೊದಲ ವಾರದಲ್ಲಿ ಮಂಚ ಸರಿಸಲು ಹೋದರು. ಮೂಲೆಗೆ ಸೇರಿಸಿ ಇಟ್ಟಿದ್ದ ಮಂಚ ಅಲುಗಲಿಲ್ಲ. ಕಾಲುಗಳು ಎರಡೂ ಗೋಡೆಯ ಸುಣ್ಣದಲ್ಲಿ ಹುಗಿದಿದ್ದವು. ರಮಾನಾಥ ಟೇಪು ಹಿಡಿದು ಅಳೆದ. ಕೋಣೆಯ ಉದ್ದ ಒಂದು ಅಡ್ಡಬೆರಳು ಕಡಿಮೆ. ಹೊಸ ಗೋಡೆ ಒಣಗಿ ಕೂರುತ್ತದೆ ಎಂದ. ಆದರೆ ಗೋಡೆ ಕೂತರೆ ಬಿರುಕು ಬರಬೇಕು. ಸುಣ್ಣದಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮುಂದಿನ ವಾರ ಇನ್ನೊಂದು ಬೆರಳು. ಅದರ ಮುಂದಿನ ವಾರ ಕಿಟಕಿಯ ಪಡಿ ಮುಚ್ಚಲು ಬರಲಿಲ್ಲ. ಅವನು ಅಂಗುಲಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಆ ಹಾಳೆ ಹರಿದು ಬಾಯಿಗೆ ಹಾಕಿ ಜಗಿದ.

ಸೂಲಗಿತ್ತಿ ಪದ್ಮಾಕ್ಷಿ ವಾರಕ್ಕೊಮ್ಮೆ ಬಂದು ಕಾಂತಿಯ ಹೊಟ್ಟೆಗೆ ನೂಲು ಸುತ್ತಿ ಗಂಟು ಹಾಕಿ ನೋಡುತ್ತಿದ್ದಳು. ಒಂದು ದಿನ ಹೊರಗೆ ಬಂದು ಜಲಜಾಕ್ಷಿಯ ಕೈಗೆ ನೂಲು ಕೊಟ್ಟಳು. ರಮಾನಾಥ ಜಗಲಿಯಲ್ಲೇ ಇದ್ದ.

“ಅಕ್ಕಾ, ನಾನು ಇನ್ನೂರು ಮಕ್ಕಳನ್ನು ಹಿಡಿದವಳು. ಎಂಟು ತುಂಬಿದ ಹೊಟ್ಟೆ ದೊಡ್ಡದಾಗಬೇಕು. ಇದು ವಾರಕ್ಕೆ ಒಂದು ಬೆರಳು ಕಮ್ಮಿ ಆಗ್ತಾ ಉಂಟು. ಒಳಗೆ ಒದೆಯುವುದೂ ಕಮ್ಮಿ. ಅದು ಬೆಳೀತಾ ಇಲ್ಲ ಅಕ್ಕ. ಹಿಂದೆ ಹೋಗ್ತಾ ಉಂಟು.”

ಜಲಜಾಕ್ಷಿ ನೂಲನ್ನು ಮುಷ್ಟಿಯಲ್ಲಿ ಹಿಡಿದು ರಮಾನಾಥನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಅವನು ತಲೆ ತಗ್ಗಿಸಿದ.

*

ಮರುದಿನ ಮಧ್ಯಾಹ್ನ ಕಾಂತಿಯನ್ನು ಚಾವಡಿಯಲ್ಲಿ ಮಲಗಿಸಿದ್ದರು. ಆಳುಗಳು ಗಂಜಿಗೆ ಹೋಗಿದ್ದರು. ರಮಾನಾಥ ಒಬ್ಬನೇ ಹೊಸ ಕೋಣೆಗೆ ಹೋದ. ಗೋಡೆಗೆ ಕಿವಿಯಿಟ್ಟು ಒಮ್ಮೆ ಕೇಳಿದರೆ ಹೆದರಿಕೆ ಹೋದೀತು ಎಂದುಕೊಂಡಿದ್ದ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಸುಣ್ಣದ ತಂಪು, ಹರಳೆಣ್ಣೆಯ ವಾಸನೆ. ಹಿಂದೆ ಬಾಗಿಲು ಮೆಲ್ಲಗೆ ಬಂದು ಮುಚ್ಚಿಕೊಂಡಿತು. ಎರಡು ವಾರದಿಂದ ಮುಚ್ಚದೆ ನಿಂತಿದ್ದ ಕಿಟಕಿಯ ಎರಡು ಪಡಿಗಳು ತಾವಾಗಿ ಕೂಡಿಕೊಂಡವು. ಕತ್ತಲೆ. ಅಕ್ಕಿಮುಡಿಯ ಕೋಣೆಯಂಥ ಕತ್ತಲೆ.

ಟಕ್.

ಬಡಗು ಗೋಡೆ. ಆಚೆಯಿಂದಲ್ಲ. ಗೋಡೆಯ ಒಳಗಿಂದ.

“ಬಾಲ್ಯ,” ಎಂದಿತು ಒಂದು ದನಿ. ಮುದುಕಿಯ ದನಿ. ಹಲ್ಲಿಲ್ಲದ ಬಾಯಿಯ ಮೆದು ದನಿ.

ಅವನು ಬಾಗಿಲು ಎಳೆದ. ಬರಲಿಲ್ಲ.

ಟಕ್. “ಕೌಮಾರ.”

ಮೂಡು ಗೋಡೆ. ಹತ್ತಿರ ಬಂತು. ಉಗುರು ಸುಟ್ಟ ವಾಸನೆ ಮೂಗು ತುಂಬಿತು. ಕೈ ಚಾಚಿದ. ಎಡಗೈಗೆ ಗೋಡೆ ಸಿಕ್ಕಿತು. ಬಲಗೈಗೂ ಸಿಕ್ಕಿತು. ಹತ್ತಡಿ ಅಗಲದ ಕೋಣೆ. ತಾನೇ ಕಟ್ಟಿಸಿದ್ದು. ಎರಡು ಕೈಗೂ ಗೋಡೆ.

ಟಕ್. “ಯೌವನ.”

ಬೆನ್ನಿಗೆ ಸುಣ್ಣ ತಾಗಿತು. ತಣ್ಣಗೆ. ಒದ್ದೆ. ಉಸಿರಾಡುತ್ತಿತ್ತು. ಗೋಡೆಯಿಂದ ಏನೋ ಹೊರಬಂದು ಅವನ ಕಂಕುಳಿಗೆ ಒತ್ತಿತು. ಅಲ್ಲಿಂದ ತೋಳಿನ ಉದ್ದಕ್ಕೂ ಸರಿಯಿತು. ಮೊಣಕೈ. ಮಣಿಕಟ್ಟು. ಅಂಗೈ. ಒಂದೊಂದೇ ಬೆರಳು ಮುಟ್ಟಿತು. ಅಳೆಯುತ್ತಿತ್ತು. ಕಿರುಬೆರಳ ಹತ್ತಿರ ನಿಂತಿತು. ಹಿಡಿಯಿತು. ಬಿಟ್ಟಿತು. ಇದು ಅದಲ್ಲ ಎನ್ನುವಂತೆ.

ಟಕ್. “ವಾರ್ಧಕ್ಯ.”

ಐದನೆಯದು ಬರಲಿಲ್ಲ. ಅವನು ಕಾದ. ಹಲ್ಲು ಕಚ್ಚಿ ಕಾದ. ಕತ್ತಲೆಯೂ ಕಾಯುತ್ತಿತ್ತು. ಆಗ ಚಾವಡಿಯಿಂದ ಕಾಂತಿ ಚೀರಿದಳು.

ಬಾಗಿಲು ತೆರೆದುಕೊಂಡಿತು. ಬಿಸಿಲು ಮುಖಕ್ಕೆ ಹೊಡೆಯಿತು. ಅಂಗಳಕ್ಕೆ ಬಂದು ಬಿದ್ದ. ಚಾವಡಿಯಲ್ಲಿ ಕಾಂತಿ ಹೊಟ್ಟೆ ಹಿಡಿದುಕೊಂಡು, “ಅಮ್ಮಾ, ಯಾರೋ ಒಳಗೆ ಕೈ ಹಾಕಿದ ಹಾಗೆ ಆಯ್ತು,” ಎಂದು ಅಳುತ್ತಿದ್ದಳು.

*

ಜತ್ತಪ್ಪನ ಮನೆ ಗುಡ್ಡದ ಬುಡದಲ್ಲಿ. ರಮಾನಾಥ ಹೋದಾಗ ಮುದುಕ ತೆಂಗಿನ ಚಿಪ್ಪಿಗೆ ಬಿದಿರಿನ ಹಿಡಿ ಸಿಕ್ಕಿಸಿ ಸೌಟು ಮಾಡುತ್ತಿದ್ದ. ಸುತ್ತಲೂ ಸೌಟುಗಳ ರಾಶಿ. ಲೆಕ್ಕ ತಪ್ಪಿದ ಆಚಾರಿಯನ್ನು ಆಮೇಲೆ ಯಾರೂ ಮನೆ ಕೆಲಸಕ್ಕೆ ಕರೆದಿರಲಿಲ್ಲ.

ನಿಂತುಕೊಂಡೇ ರಮಾನಾಥ ಎಲ್ಲವನ್ನೂ ಹೇಳಿದ. ಗರಗಸ, ಮಸಿ, ದಾರಂದದ ಸಂದಿ. ಜತ್ತಪ್ಪನ ಕೈ ನಿಂತಿತು.

“ಹಾಗಾದರೆ ನನ್ನ ಲೆಕ್ಕ ಸರಿ ಇತ್ತು,” ಎಂದ. ಮೂರು ಸಲ ಅದನ್ನೇ ಹೇಳಿದ. ಪೊರೆಗಣ್ಣಿನಿಂದ ನೀರು ಇಳಿಯಿತು. ಆಮೇಲೆ ಒರಸಿಕೊಂಡು ಕೇಳಿದ:

“ಓವರ್ಸಿಯರ್ರೇ, ನೀವು ಮಾಡಿದ್ದು ಎಂತ ಅಂತ ನಿಮಗೆ ಗೊತ್ತುಂಟಾ?”

“ತಪ್ಪು ಮಾಡ್ದೆ.”

“ತಪ್ಪಲ್ಲ ಮಾರಾಯ್ರೇ, ಮಾಟ. ಹಿಂದೆ ಒಂದು ಮನೆ ಹಾಳು ಮಾಡಬೇಕಾದರೆ ವೈರಿಗಳು ಇದನ್ನೇ ಮಾಡ್ತಾ ಇದ್ದದ್ದು. ಮನೆಯ ಕೋಲು ಕದ್ದು, ತುದಿ ಕೊಯ್ದು, ತುಂಡನ್ನು ಆ ಮನೆಯೊಳಗೇ ಅಡಗಿಸಿ ಇಡುವುದು. ಮಂತ್ರ ಬೇಡ, ಕೋಳಿ ಬೇಡ. ಕೋಲು ಅಂದರೆ ಅಜ್ಜಿಯ ತೋಳು. ತೋಳಿನಿಂದ ಕೊಯ್ದದ್ದನ್ನು ಅಜ್ಜಿ ಹುಡುಕ್ತಾಳೆ. ತನ್ನ ಸಂತಾನದಲ್ಲೇ ಹುಡುಕ್ತಾಳೆ, ಬೇರೆಯವರದ್ದು ಅವಳಿಗೆ ಆಗ್ಲಿಕ್ಕಿಲ್ಲ. ಸಿಗುವವರೆಗೆ ಮನೆಯನ್ನು ಸಣ್ಣ ಮಾಡ್ತಾ ಬರ್ತಾಳೆ.”

“ಬಿಡಿಸೋದು ಹೇಗೆ?”

“ತುಂಡು ತೆಗೆಯಿರಿ. ಕೋಲಿನ ಜತೆ ಒಡತಿಯ ಕೈಗೆ ಕೊಡಿ. ಕೊಟ್ಟು, ನಾನು ಕೊಯ್ದೆ ಅಂತ ಬಾಯಿಬಿಟ್ಟು ಹೇಳಿ. ಗುಟ್ಟಿನಲ್ಲಿ ಅಲ್ಲ. ಸುಳ್ಳನ್ನು ನಾಲ್ಕು ಜನರ ಎದುರು ಅಳೆಸಿದ್ದು ನೀವು, ನಿಜವನ್ನೂ ಅವರ ಎದುರೇ ಹೇಳಬೇಕು.”

“ನೀವೇ ಹೇಳಿಬಿಡಿ ಆಚಾರ್ರೇ. ಕೈ ಮುಗೀತೀನಿ.”

ಮುದುಕ ತಲೆಯಾಡಿಸಿದ. “ನಾನು ಹೇಳಿದರೆ ಅದು ಚಾಡಿ ಆಗ್ತದೆ. ಕೊಯ್ದವರು ಹೇಳಬೇಕು. ಇಲ್ಲದಿದ್ದರೆ, ಕೊಯ್ದದ್ದನ್ನು ಕಂಡವರು ಹೇಳಬೇಕು. ಕಂಡವರು ಯಾರಾದರೂ ಉಂಟಾ?”

“ಇಲ್ಲ,” ಎಂದ ರಮಾನಾಥ.

*

ಮರುದಿನ ರಮಾನಾಥ ದಾರಂದದ ಬದಿಯ ಸುಣ್ಣ ಕೆತ್ತಿ ತೆಗೆದ. ಬಾಗಿಲು ಹಿಡಿಯುತ್ತದೆ, ಸರಿ ಮಾಡುತ್ತೇನೆ ಎಂದು ಡೊಂಬಯ್ಯನಿಗೆ ಹೇಳಿದ್ದ. ಸಂದಿಗೆ ಬೆರಳು ಹಾಕಿದಾಗ ಒಳಗೆ ಬೆಚ್ಚಗಿತ್ತು. ಹೊರಗೆ ಎಳೆದ. ಅಡ್ಡಬೆರಳಿನಷ್ಟು ದಪ್ಪವಿದ್ದ ತುಂಡು ಈಗ ಕಿರುಬೆರಳಿನಷ್ಟು ಉದ್ದವಿತ್ತು. ಮೂರು ಗೆಣ್ಣು. ತುದಿಯಲ್ಲಿ ಬೆಳ್ಳಗೆ, ಉಗುರು ಮೂಡುವ ಮೊದಲಿನ ಚರ್ಮದಂಥದ್ದು.

ಮುಷ್ಟಿ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಅಂಗಳಕ್ಕೆ ಬಂದ. ಜಲಜಾಕ್ಷಿ ಭತ್ತ ಗೇರುತ್ತಿದ್ದಳು. ಡೊಂಬಯ್ಯ, ಮಣ್ಣು ತುಳಿಯುವ ಹೆಂಗಸರು, ಹಂಚು ಎತ್ತಿಕೊಡುವವರು ಎಲ್ಲರೂ ಇದ್ದರು. ನಾಲ್ಕು ಜನವಲ್ಲ, ಹತ್ತು ಜನ. ಅವಳು ಗೆರಸೆ ಕೆಳಗಿಟ್ಟು ಎದ್ದು ನಿಂತಳು. ಅವನ ಮುಷ್ಟಿ ನೋಡಿದಳು.

“ಎಂತದಾದರೂ ಹೇಳ್ಲಿಕ್ಕೆ ಉಂಟಾ ಓವರ್ಸಿಯರ್ರೇ?”

ಅವಳ ದನಿಯಲ್ಲಿ ಬೇಡಿಕೆಯಂಥದ್ದು ಏನೋ ಇತ್ತು. ಅವನು ಬಾಯಿ ತೆರೆದ. ನಾಲಿಗೆಗೆ ಸುಣ್ಣ ಮೆತ್ತಿದ ಹಾಗಾಯಿತು. ಕಣ್ಣ ಮುಂದೆ ಬೆಳ್ತಂಗಡಿಯ ಕಂಟ್ರಾಟುದಾರರು ಕಂಡರು. ಮೈಸೂರು ಕಡೆಯ ಊರಿನಲ್ಲಿರುವ ತನ್ನ ಅಪ್ಪ ಕಂಡ.

“ಏನಿಲ್ಲ ಅಮ್ಮಾವ್ರೇ. ಬಾಗಿಲು ಸ್ವಲ್ಪ ಹಿಡೀತಿತ್ತು. ಸರಿಹೋಯ್ತು.”

ಅವಳ ಭುಜ ಇಳಿಯಿತು. “ಹಾಗಾ,” ಎಂದಳು. “ಒಳ್ಳೆದಾಯ್ತು.” ಮತ್ತೆ ಗೆರಸೆ ಎತ್ತಿಕೊಂಡಳು.

ತುಂಡನ್ನು ಕೋಲಿಗೆ ಬಾಳೆನಾರಿನಿಂದ ಕಟ್ಟಿ, ಯಾರೂ ಕಾಣದಂತೆ ಹೆಬ್ಬಾಗಿಲ ಮೇಲೆ ಇಟ್ಟುಬಿಟ್ಟ. ಇಷ್ಟು ಸಾಕಾದೀತು ಎಂದುಕೊಂಡ. ಸಾಕಾದಂತೆಯೇ ಕಂಡಿತು. ಅಂದಿನಿಂದ ಬಡಿತ ನಿಂತಿತು. ಕಿಟಕಿಯ ಪಡಿ ಮುಚ್ಚಿತು. ಟೇಪು ಹಿಡಿದರೆ ಅಂಗುಲ ಕಡಿಮೆಯಾಗುತ್ತಿರಲಿಲ್ಲ. ಪದ್ಮಾಕ್ಷಿಯ ನೂಲು ಎರಡು ಗಂಟು ಮುಂದೆ ಹೋಯಿತು. “ಒಳಗೆ ಒದೀತದೆ ಓವರ್ಸಿಯರಣ್ಣ, ಕಳ್ಳ!” ಎಂದು ಕಾಂತಿ ನಕ್ಕಳು. ರಮಾನಾಥ ಅಂದು ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡ.

ಕುಂಭ ಮುಗಿದು ಸುಗ್ಗಿ ತಿಂಗಳ ಒಂದು ಬೆಳಿಗ್ಗೆ ಕಾಂತಿ ಹೆತ್ತಳು. ಹೆಣ್ಣು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ರಮಾನಾಥ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಪದ್ಮಾಕ್ಷಿ ಕೈತೊಳೆಯಲು ಹೊರಬಂದಳು. ಅವನ ಕಡೆ ನೋಡದೆ ಹೇಳಿದಳು:

“ಮಗು ಗಟ್ಟಿ ಉಂಟು. ಆದರೆ ಎಡಗೈಯಲ್ಲಿ ಕಿರುಬೆರಳು ಇಲ್ಲ. ಕೊಯ್ದ ಹಾಗೆ ಉಂಟು, ಸಮಕ್ಕೆ.”

ಹೊತ್ತು ಕಳೆದು ಜಲಜಾಕ್ಷಿ ಬಂದು ಅವನಿಂದ ಸ್ವಲ್ಪ ದೂರ ಜಗಲಿಯ ಮೇಲೆ ಕೂತಳು. ಇಬ್ಬರೂ ಗದ್ದೆ ನೋಡುತ್ತಿದ್ದರು.

“ಆ ದಿನ ಬೆಳಿಗ್ಗೆ ಹೊಸ್ತಿಲಲ್ಲಿ ಮರದ ಹುಡಿ ಬಿದ್ದಿತ್ತು,” ಎಂದಳು. “ನಾನೇ ಗುಡಿಸಿದ್ದು.”

ಅವನು ಕಂಬ ಬಿಟ್ಟು ನೆಟ್ಟಗಾದ.

“ಹಟ್ಟಿಯ ಸಂದಿನಿಂದ ನೋಡಿದೆ. ಗರಗಸ ಹಾಕುವುದನ್ನು ಪೂರಾ ನೋಡಿದೆ. ಕೂಗಬಹುದಿತ್ತು.” ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಮಾತಾಡಿದಳು. “ಗೋಡೆ ಕಿತ್ತರೆ ಕೋಣೆ ಆಗ್ಲಿಕ್ಕಿಲ್ಲ. ಕಾಂತಿಯೂ ಆ ಕತ್ತಲೆಗೇ ಹೋಗಬೇಕು. ನನಗೂ ಆ ಕೋಣೆ ಬೇಕಿತ್ತು. ಜತ್ತಪ್ಪ ತಲೆ ತಗ್ಗಿಸಿ ಹೋಗುವಾಗಲೂ ನೋಡ್ತಾ ನಿಂತೆ. ಆಮೇಲೆ ದಿನಾ ಕಾದೆ. ನೀವು ಹೇಳ್ತೀರಿ, ನೀವು ಹೇಳಿದರೆ ನಾನು ಹೇಳುವುದು ಬೇಡ ಅಂತ.”

ಒಳಗಿಂದ ಮಗು ಅತ್ತಿತು. ಗಟ್ಟಿ ಅಳು.

“ಹದಿನಾರನೇ ದಿನ ತೊಟ್ಟಿಲು ಹಾಕ್ತೇವೆ,” ಎಂದಳು ಎದ್ದು. “ಎಲ್ಲರೂ ಬರ್ತಾರೆ. ಆಚಾರಿಯನ್ನೂ ಕರೆಸಿದ್ದೇನೆ. ಆ ದಿನ ಹೇಳುವ. ಇಬ್ಬರೂ.”

“ಹೇಳುವ,” ಎಂದ ಅವನು, ಅವಳ ಮಾತಿನಲ್ಲೇ.

*

ಹದಿನಾರನೆಯ ದಿನ ಅಂಗಳದ ತುಂಬ ಜನ. ಹೆಸರುಬೇಳೆ ಪಾಯಸದ ಪರಿಮಳ, ಮಲ್ಲಿಗೆ, ಹೊಸ ಹಂಚಿನ ಬಿಸಿ. ಹೊಸ ಕೋಣೆಯಲ್ಲಿ ಕಿಟಕಿಯ ಹತ್ತಿರ ತೊಟ್ಟಿಲು ಕಟ್ಟಿದ್ದರು. ಮಗುವಿನ ಎಡಗೈಯನ್ನು ಕಾಂತಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಬಂದವರೆಲ್ಲ ಬಲಗೈಗೆ ಬೆರಳು ಕೊಟ್ಟು ಆಡಿಸಿದರು. ಜತ್ತಪ್ಪ ಬಿಳಿ ಶಾಲು ಹೊದ್ದು ಜಗಲಿಯ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ತನ್ನ ಚೀಲ. ಉಳಿ, ಕೊಡತಿ ತಂದಿದ್ದ. ಕರೆಸಿದ್ದು ಯಾಕೆಂದು ಅವನಿಗೆ ತಿಳಿದಿತ್ತು. ಉಳಿಗಳಿಗೆ ಎಣ್ಣೆ ಸವರಿ ತಂದಿದ್ದ.

ಊಟಕ್ಕೆ ಎಲೆ ಹಾಕುವ ಮೊದಲು ಜಲಜಾಕ್ಷಿ ಹೆಬ್ಬಾಗಿಲ ಮೇಲಿಂದ ಕೋಲು ತೆಗೆದು, ತುಂಡು ಕಟ್ಟಿದ ತುದಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ಹೊರಬಂದಳು. ರಮಾನಾಥ ಅವಳ ಪಕ್ಕ ಬಂದು ನಿಂತ. ಮಾತು ನಿಂತಿತು. ಎಲ್ಲರೂ ನೋಡಿದರು.

ಡೊಂಬಯ್ಯನಿಗೆ ಮೌನ ತಡೆಯದು. “ಎಂತ ಆಚಾರ್ರೇ,” ಎಂದ ನಗುತ್ತಾ, “ಪುನಃ ಅಳೆಯುವುದಾ? ಈ ಸಲ ಕಣ್ಣಿಗೆ ಗೋಮೂತ್ರ ಬಿಟ್ಟುಕೊಂಡು ಬಂದಿದ್ದೀರಾ?”

ಅಂಗಳವೆಲ್ಲ ನಕ್ಕಿತು. ಮಕ್ಕಳೂ ನಕ್ಕವು. ಜತ್ತಪ್ಪ ನಗಲಿಲ್ಲ. ಅವನು ರಮಾನಾಥನನ್ನು ನೋಡಿದ. ಜಲಜಾಕ್ಷಿಯನ್ನು ನೋಡಿದ. ಕಾದ.

ಜಲಜಾಕ್ಷಿಯ ತುಟಿ ಅಲುಗಿತು. ಕಾಂತಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ತಾಯಿಯ ಕಡೆ ನೋಡಿ ನಗುತ್ತಿದ್ದಳು. ತಾಯಿ ಆ ನಗುವನ್ನು ಕಂಡಳು, ಬಟ್ಟೆ ಸುತ್ತಿದ ಪುಟ್ಟ ಕೈಯನ್ನು ಕಂಡಳು. ಇದನ್ನು ನಾನು ಮಾಡಿದೆ ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಅವಳು ರಮಾನಾಥನ ಕಡೆ ತಿರುಗಿದಳು. ರಮಾನಾಥ ಅವಳ ಕಡೆ ತಿರುಗಿದ. ಒಬ್ಬರು ಶುರು ಮಾಡಲಿ ಎಂದು ಇಬ್ಬರೂ ಕಾದರು. ಪಾಯಸದ ಪಾತ್ರೆಯ ಮುಚ್ಚಳ ಯಾರೋ ಸರಿಸಿದರು. ಒಬ್ಬ ಮುದುಕಿ ಕೆಮ್ಮಿದಳು. ಹೊತ್ತು ದಾಟಿತು.

“ಏನಿಲ್ಲ,” ಎಂದಳು ಜಲಜಾಕ್ಷಿ. “ಕೋಲು ತೋರಿಸುವ ಅಂತ. ಮನೆಗೆ ಹೆಣ್ಣು ಬಂತಲ್ಲ.”

ರಮಾನಾಥ ನೆಲ ನೋಡಿದ.

ಜತ್ತಪ್ಪ ನಿಧಾನವಾಗಿ ಎದ್ದ. ಎಣ್ಣೆ ಸವರಿದ ಉಳಿಗಳು ಚೀಲದಲ್ಲಿ ಒಂದಕ್ಕೊಂದು ತಾಗಿದವು. “ಹೌದು ಡೊಂಬಯ್ಯ,” ಎಂದ, “ನನ್ನ ಕಣ್ಣು ಹೋಗಿದೆ.” ಎಲೆ ಹಾಕಿದ್ದರೂ ಕೂರದೆ, ಮೆಟ್ಟಿಲಿಳಿದು ಹುಣಿಯ ಕಡೆ ನಡೆದ.

ಬಡಿಸುವವರು ಮುಂದೆ ಬಂದರು. ಮಾತು ಮತ್ತೆ ಎದ್ದಿತು. ಕಾಂತಿ ಒಳಗೆ ಹೋಗಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಹಗ್ಗದ ಕಿರುಗುಟ್ಟುವ ಸದ್ದು ಅಂಗಳಕ್ಕೆ ಕೇಳಿತು. ಮಧ್ಯಾಹ್ನದ ಬಿಸಿಲು ಹೊಸ ಹಂಚಿನ ಮೇಲೆ ನೆಟ್ಟಗೆ ನಿಂತಿತ್ತು.

ಟಕ್.

ಬಡಗು ಗೋಡೆಯ ಒಳಗಿಂದ. ತೊಟ್ಟಿಲ ಪಕ್ಕದಿಂದ.

ಊಟದ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಲಿಲ್ಲ. ಜಲಜಾಕ್ಷಿಯ ಕೈಯ ಕೋಲು ನಡುಗಿತು. ರಮಾನಾಥನ ಕಿರುಬೆರಳು ತಣ್ಣಗಾಯಿತು. ಗದ್ದೆಯ ನಡುವೆ ಜತ್ತಪ್ಪ ನಿಂತ, ಹಿಂದೆ ತಿರುಗಲಿಲ್ಲ. ನಿಂತಲ್ಲೇ ಅವನ ತುಟಿ ಆ ಹೆಸರು ಹೇಳಿತು.

“ಬಾಲ್ಯ.”